ಮಾಣಿ ಮಾಣಿ

ಟಿಕೆಟ್ ಮಾಡಿದ್ದು ನಾನೇ.
ಊಟದ ಗದ್ದಲ ಇಳಿದ ಹೊತ್ತು, ಗಲ್ಲಾದಲ್ಲಿ ಕೂತು,
ಸೇಟು ಕೊಟ್ಟ ಕಾರ್ಡಿನ ಹದಿನಾರು ಅಂಕಿ ಒತ್ತಿ
ಮುಂಬೈಯಿಂದ ಮಂಗಳೂರಿಗೆ, ಕಿಟಕಿ ಬದಿ.
ನಲವತ್ತೊಂದು ವರ್ಷಕ್ಕೆ ಒಂದು ಉಡುಗೊರೆ.

ಹೆಸರು ಕೇಳಿತು. ಬರೆದೆ: ಮಾಣಿ.
ಮನೆತನದ ಹೆಸರು ಕೇಳಿತು.
ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ ಎಂದು
ಕೆಂಪಗಾಯಿತು ಪರದೆ.
ಇನ್ನೊಮ್ಮೆ ಬರೆದೆ: ಮಾಣಿ.
ಅವನನ್ನೇ ಕೇಳಬಹುದಿತ್ತು.
ಎಂಟು ಹೆಜ್ಜೆ ಆಚೆ, ಐದನೇ ಮೇಜು ಒರೆಸುತ್ತಿದ್ದ.

ಸಾಂತಾಕ್ರೂಜ್, ಬೆಳಗ್ಗೆ ಐದೂಮುಕ್ಕಾಲು.
ಇಸ್ತ್ರಿಯ ಬಿಳಿ ಅಂಗಿ, ಕಿಸೆಯಲ್ಲಿ ಹೊಸ ಪೆನ್ನು.
ಪೆನ್ನು ಯಾಕೋ!
ಹನ್ನೊಂದು ಮೇಜಿನ ಲೆಕ್ಕ ತಲೆಯಲ್ಲೇ ಇಟ್ಟವ,
ಚಟ್ನಿ ಬೇಡ ಅಂದವರು ಯಾರು, ಕಾಪಿಗೆ ಸಕ್ಕರೆ ಕಮ್ಮಿ ಯಾರಿಗೆ,
ಎಲ್ಲ.

ಬಾಗಿಲಲ್ಲಿ ಖಾಕಿಯ ಹುಡುಗ, ಎದೆಗೆ ಬಂದೂಕು,
ಕೈಯಲ್ಲಿ ನಾನು ತೆಗೆಸಿದ ಪ್ರಿಂಟು.
"ಮಾಣಿ ಮಾಣಿ ಕೌನ್ ಹೈ?"
"ಹಾಂ, ಬಂದೆ" ಅಂದ.
ನಲವತ್ತೊಂದು ವರ್ಷ ಅಂದದ್ದೂ ಹಾಗೆಯೇ.

ಹಾಲಿನ ತೊಟ್ಟೆ ಬಿಡಿಸಿ, ರಬ್ಬರ್ ಬ್ಯಾಂಡು ಬಿಡಿಸಿ
ಕಾರ್ಡು ಕೊಟ್ಟ.
ಹುಡುಗ ಫೋಟೋ ನೋಡಿದ, ಮುಖ ನೋಡಿದ.
ಮುಖ ಸರಿ ಇತ್ತು.
ಹುಬ್ಬಿನ ಮೇಲಿನ ಸುಟ್ಟ ಕಲೆಯೂ ಸರಿ,
ಎಂಬತ್ತೇಳರ ಸಾಂಬಾರಿನದ್ದು.
ಆಮೇಲೆ ಹೆಸರು ಓದಿದ, ಹಿಂದಿಯ ನಾಲಗೆಯಲ್ಲಿ
ಮುರಿದು ಮುರಿದು:
ದೂಮ. ಮೂಲ್ಯ.

ನಾನು ಹಿಂದೆ ತಿರುಗಿ ನೋಡಿದೆ,
ಬೇರೆ ಯಾರಾದರೂ ಬಂದರೇನೋ ಎಂದು.

ಸರ್ಕಾರ ಕೊಟ್ಟದ್ದಿರಬೇಕು, ಫೋಟೋ ಇರಬೇಕು. ಇತ್ತು.
ಅಸಲಿ ಇರಬೇಕು, ಜೆರಾಕ್ಸ್ ನಡೆಯದು. ಅಸಲಿಯೇ.
ಟಿಕೆಟ್ಟಿನಲ್ಲೂ ಕಾರ್ಡಿನಲ್ಲೂ ಹೆಸರು ಒಂದೇ ಇರಬೇಕು.
ಕಾರ್ಡು ಸುಳ್ಳು ಹೇಳಿರಲಿಲ್ಲ. ಹೇಳಿದ್ದು ನಾನು,
ಎರಡೆರಡು ಸಲ.

ಆದರೂ ವಾದಿಸಿದೆ. ಮಾಟುಂಗದಲ್ಲಿ ಯಾರನ್ನು ಬೇಕಾದರೂ ಕೇಳು,
ಹೂವಿನ ಗಲ್ಲಿಯಿಂದ ಸ್ಟೇಷನ್ನಿನ ತನಕ
ಮಾಣಿ ಅಂದರೆ ತಿರುಗುವವ ಇವನೇ.
"ಹಾಗಾದರೆ ಮಾಟುಂಗಕ್ಕೇ ಹೋಗಿ" ಅಂದ ಹುಡುಗ.
ಒರಟಾಗಿ ಅಲ್ಲ, ಹಿಂದೆ ಸಾಲು ಬೆಳೆದಿತ್ತು.
ಅವನ ಎದೆಯ ಮೇಲೂ ಒಂದು ಹೆಸರಿನ ಪಟ್ಟಿ;
ಅದನ್ನೂ ನಾನು ಓದಲಿಲ್ಲ.

ಕೌಂಟರಿನ ಹುಡುಗಿ ಅಂದಳು:
ಒಂದೆರಡು ಅಕ್ಷರವಾದರೆ ತಿದ್ದಬಹುದು,
ಇಡೀ ಮನುಷ್ಯನನ್ನು ತಿದ್ದಲಾಗುವುದಿಲ್ಲ.
ಹೊಸ ಟಿಕೆಟ್ ಹನ್ನೊಂದೂವರೆಯದ್ದುಂಟು,
ಎಂಟು ಸಾವಿರದ ಒಂಬೈನೂರು.
"ಬೇಡ ಮಾರಾಯ್ರೆ" ಅಂದರು,
"ಸಯನ್‌ನಿಂದ ಸಂಜೆ ಬಸ್ಸುಂಟಲ್ಲ."
ಸೇಟುಗೆ ಫೋನ್ ಮಾಡಲಿಲ್ಲ. ನನ್ನ ಕಾರ್ಡು ತೆಗೆದೆ.

ಕಂಬದ ಬುಡದಲ್ಲಿ ಕೂತು, ಮೊಬೈಲು ಹಿಡಿದು
ಕೇಳಿದೆ: ಹೆಸರು?
ಇಪ್ಪತ್ತಾರು ವರ್ಷ ಒಂದೇ ಅನ್ನದ ಪಾತ್ರೆಯಿಂದ ಉಂಡವ
ಕೇಳಿದೆ.
ದೂಮ, ಅಂದರು. ಅಜ್ಜನ ಹೆಸರಂತೆ.
ಆವಿಗೆಯಿಂದ ತೆಗೆದ ಮಡಕೆಗೆ ಬೆರಳು ತಟ್ಟಿ
ಶಬ್ದದಲ್ಲೇ ಬಿರುಕು ಹೇಳುತ್ತಿದ್ದನಂತೆ ಅಜ್ಜ.
ಕಾರ್ಡನ್ನು ನನ್ನ ಕಣ್ಣೆದುರು ಹಿಡಿದರು:
"ಇಂಗ್ಲಿಷಿನಲ್ಲಿ ಓ ಎರಡುಂಟು, ಒಂದು ಬಿಟ್ಟೀರಿ ಮತ್ತೆ."
ಕೊನೆಗೆ, ಸ್ವಲ್ಪ ನಾಚಿ,
"ಸಹಿ ಎಲ್ಲೂ ಕೇಳುವುದಿಲ್ಲವಾ?"
ಕೈ ಕಿಸೆಯ ಪೆನ್ನಿನ ಮೇಲಿತ್ತು.

ಹತ್ತಕ್ಕೆ ಬಾಗಿಲು ದಾಟಿದರು.
ಬೇರೆ ಖಾಕಿ, ಅದೇ ಕಾರ್ಡು, ಒಂದೇ ನೋಟ, ಜಾವ್.
ಗಾಜಿನಾಚೆ ಬಿಳಿ ಅಂಗಿ ಚಿಕ್ಕದಾಗುತ್ತ ಹೋಯಿತು.
ಆಗ ನೋಡಿದೆ, ಇಡ್ಲಿಯ ಪೊಟ್ಟಣ ನನ್ನ ಕೈಯಲ್ಲೇ.

ಕರೆಯಬೇಕಿತ್ತು.
ಹೊಸ ಹೆಸರು ನಾಲಗೆಗೆ ಬರುವ ಮೊದಲೇ
ಕೈ ಎದ್ದಿತು, ಗಿರಾಕಿಗಳ ಹಾಗೆ,
ಎರಡು ಬೆರಳು.

ಅವ ತಿರುಗಿದ.
ಅಷ್ಟು ದೂರದಲ್ಲಿ, ಅಷ್ಟು ಜನರ ನಡುವೆ,
ನೇರ ನನ್ನ ಕಡೆಗೇ ಬಂದ,
ಹೆಗಲ ಮೇಲೆ ಇಲ್ಲದ ಬಟ್ಟೆಯನ್ನು
ಸರಿಮಾಡಿಕೊಳ್ಳುತ್ತ.